ಒಬ್ಬರು ವೃತ್ತಿಪರ, ಒಬ್ಬರು ವಿದ್ಯಾರ್ಥಿ: ಐಸ್ ಹಾಕಿಯ ಹದಿಹರೆಯದ ಲೆಕ್ಕಾಚಾರ

ಮ್ಯಾಥ್ಯೂ ಶೇಫರ್ ಮತ್ತು ಗ್ಯಾವಿನ್ ಮೆಕೆನ್ನಾ ಇಬ್ಬರೂ ಕೆನಡಾದವರು. ಇಬ್ಬರೂ ಹುಟ್ಟಿದ್ದು 2007ರಲ್ಲಿ. ತಮ್ಮ ವಯಸ್ಸಿನ ಐಸ್ ಹಾಕಿ ಆಟಗಾರರಲ್ಲಿ ಇಬ್ಬರೂ ಮುಂಚೂಣಿಯವರು. ಆದರೂ 2025ರ ಅಕ್ಟೋಬರಿನಲ್ಲಿ ಶೇಫರ್ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಸಂಬಳದ ಆಟಗಾರರಾಗಿ ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಡಲಿಳಿದರೆ, ಮೆಕೆನ್ನಾ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಕಾಲೇಜು ತಂಡದ ಅಂಗಿ ತೊಟ್ಟರು. ಆ ವಿದ್ಯಾರ್ಥಿಗೆ ಸುಮಾರು 7 ಲಕ್ಷ ಡಾಲರ್, ಎಂದರೆ ಆರು ಕೋಟಿ ರೂಪಾಯಿಗೂ ಮಿಕ್ಕ ಮೊತ್ತ ದೊರೆಯಲಿದೆ ಎಂದು ಅಲ್ಲಿನ ಮಾಧ್ಯಮಗಳು ವರದಿ ಮಾಡಿದವು. ಸೋಜಿಗವೆಂದರೆ, ಕೆಲವೇ ತಿಂಗಳ ಹಿಂದಿನವರೆಗೆ ಅದೇ ಕಾಲೇಜು ಕ್ರೀಡಾ ವ್ಯವಸ್ಥೆಯು ಕೈಖರ್ಚಿಗಷ್ಟೇ ಸಾಲುವ ಭತ್ಯೆ ಪಡೆಯುತ್ತಿದ್ದ ಕೆನಡಾದ ಜೂನಿಯರ್ ಆಟಗಾರರನ್ನು ‘ವೃತ್ತಿಪರರು’ ಎಂದು ಹೆಸರಿಸಿ ಬಾಗಿಲಾಚೆ ನಿಲ್ಲಿಸಿತ್ತು.

ಮಕ್ಕಳು ಮೊಮ್ಮಕ್ಕಳು ಟೊರಾಂಟೊ, ಬ್ರಾಂಪ್ಟನ್ ಕಡೆ ನೆಲೆಸಿರುವ ಬೆಂಗಳೂರಿನ ಮನೆಗಳಿಗೆ ಈ ಆಟದ ಸುದ್ದಿ ಈಗ ಹೊಸದೇನಲ್ಲ. ಟೊರಾಂಟೊದ ಸಂಜೆ ಏಳರ ಪಂದ್ಯ ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಐದೂವರೆಗೆ, ಹಾಲಿನ ಪ್ಯಾಕೆಟ್ ಬಾಗಿಲಿಗೆ ಬರುವ ಹೊತ್ತಿಗೆ ಶುರುವಾಗುತ್ತದೆ. ಹಾಕಿಯೆಂದರೆ ಕೊಡಗು ಎಂದೇ ಬೆಳೆದವರಿಗೂ ಆಟ ಬೇಗ ಒಗ್ಗುತ್ತದೆ. ತೊಡಕಾಗುವುದು ಆಟಗಾರನ ಬದುಕು ಯಾವ ನಿಯಮದಿಂದ ಯಾವ ಕಡೆ ಹೊರಳುತ್ತದೆ ಎಂಬ ಲೆಕ್ಕ. ಹದಿನಾರರಿಂದ ಇಪ್ಪತ್ತೊಂದರವರೆಗಿನ ಐದು ವರ್ಷ ಯಾರ ವಶದಲ್ಲಿರಬೇಕು, ಅವನನ್ನು ಬೆಳೆಸುವ ಖರ್ಚು ಯಾರ ತಲೆಯ ಮೇಲೆ ಬೀಳಬೇಕು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಈ ಗೋಜಲಿನ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಮೂರೂವರೆ ತಿಂಗಳು ಮಾಡಿದ ವ್ಯತ್ಯಾಸ

ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಗೆ ಡ್ರಾಫ್ಟ್ ಎಂದು ಹೆಸರು. ಆ ವರ್ಷದ ಸೆಪ್ಟೆಂಬರ್ 15ರೊಳಗೆ 18 ವರ್ಷ ತುಂಬುವವರು ಮಾತ್ರ ಅದಕ್ಕೆ ಅರ್ಹರು. ಶೇಫರ್ ಹುಟ್ಟಿದ್ದು ಸೆಪ್ಟೆಂಬರ್ 5ರಂದು. ಹತ್ತು ದಿನದ ಅಂತರದಲ್ಲಿ ಅವರು 2025ರ ಡ್ರಾಫ್ಟ್‌ಗೆ ಅರ್ಹರಾದರು. ಮೆಕೆನ್ನಾ ಹುಟ್ಟಿದ್ದು ಡಿಸೆಂಬರ್ 20ರಂದು. ಅವರಿಗೆ 2026ರವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮದಿಂದಾಗಿ ಒಂದೇ ಓಣಿಯ ಇಬ್ಬರು ಮಕ್ಕಳು ಬೇರೆ ಬೇರೆ ತರಗತಿಗೆ ಬೀಳುವುದನ್ನು ಕಂಡ ಬೆಂಗಳೂರಿನ ಪೋಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾಗಿ ಮೆಕೆನ್ನಾ ಅವರ ಎದುರಿಗಿದ್ದದ್ದು ಒಂದು ವರ್ಷವನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ. ಅವರು 2024–25ರ ಋತುವಿನಲ್ಲಿ ಆಲ್ಬರ್ಟಾದ ಮೆಡಿಸಿನ್ ಹ್ಯಾಟ್ ಟೈಗರ್ಸ್ ಎಂಬ ಜೂನಿಯರ್ ತಂಡದ ಪರ 56 ಪಂದ್ಯಗಳಲ್ಲಿ 129 ಅಂಕ ಗಳಿಸಿದ್ದರು. ಈ ಆಟದಲ್ಲಿ ಗೋಲು ಹೊಡೆದವನಿಗೂ ಗೋಲಿಗೆ ನೆರವಾದವನಿಗೂ ತಲಾ ಒಂದು ಅಂಕ. ಪಂದ್ಯಕ್ಕೆ ಸರಾಸರಿ ಎರಡಕ್ಕಿಂತ ಹೆಚ್ಚು ಅಂಕವೆಂದರೆ ಆ ಲೀಗ್‌ನಲ್ಲಿ ಅವರಿಗೆ ಸಾಧಿಸಲು ಹೆಚ್ಚೇನೂ ಉಳಿದಿರಲಿಲ್ಲ ಎಂದೇ ಅರ್ಥ. ಜೂನಿಯರ್ ಆಟಗಾರರನ್ನು ಕಾಲೇಜಿನಿಂದ ಹೊರಗಿಟ್ಟಿದ್ದ ಹಿಂದಿನ ನಿಯಮವೇ ಇದ್ದಿದ್ದರೆ ಅವರು ಅಲ್ಲೇ ಇನ್ನೊಂದು ವರ್ಷ ಆಡಬೇಕಾಗುತ್ತಿತ್ತು.

ಹರಾಜು ಬೇರೆ, ಡ್ರಾಫ್ಟ್ ಬೇರೆ

ಐಪಿಎಲ್ ಹರಾಜಿನ ಕಣ್ಣಿನಿಂದ ಡ್ರಾಫ್ಟನ್ನು ನೋಡಿದರೆ ದಾರಿ ತಪ್ಪುತ್ತದೆ. 2024ರ ನವೆಂಬರಿನ ಹರಾಜಿನಲ್ಲಿ ಹದಿಮೂರರ ವೈಭವ್ ಸೂರ್ಯವಂಶಿ ಅವರನ್ನು ರಾಜಸ್ಥಾನ ರಾಯಲ್ಸ್ ₹1.10 ಕೋಟಿಗೆ ಕೊಂಡಿತು. ಹೆಚ್ಚು ಕೂಗಿದವರಿಗೆ ಆಟಗಾರ, ಕೂಗಿದ ಬೆಲೆಯೇ ಸಂಬಳ. ಡ್ರಾಫ್ಟ್‌ನಲ್ಲಿ ಕೂಗುವುದೇ ಇಲ್ಲ. ಹಿಂದಿನ ಋತುವಿನಲ್ಲಿ ಹಿಂದುಳಿದ ತಂಡಗಳಿಗೆ ಮೊದಲ ಸರತಿ ಸಿಗುವಂತೆ ಲಾಟರಿಯ ಸಹಾಯದಿಂದ ಕ್ರಮ ನಿರ್ಧಾರವಾಗುತ್ತದೆ. ಬಳಿಕ 32 ತಂಡಗಳು ಏಳು ಸುತ್ತುಗಳಲ್ಲಿ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗುತ್ತವೆ. ಒಟ್ಟು ಆಯ್ಕೆ 224. ಐಲ್ಯಾಂಡರ್ಸ್ ತಂಡ 3.5 ಶೇಕಡಾ ಸಾಧ್ಯತೆಯಿದ್ದರೂ ಲಾಟರಿ ಗೆದ್ದು ಮೊದಲ ಆಯ್ಕೆಯಾಗಿ ಶೇಫರ್ ಹೆಸರು ಹೇಳಿತು. ಕತ್ತಿನ ಬಳಿಯ ಮೂಳೆ ಮುರಿದುಕೊಂಡು ಆ ಋತುವಿನಲ್ಲಿ ಅವರು ತಮ್ಮ ಜೂನಿಯರ್ ಲೀಗ್‌ನಲ್ಲಿ ಆಡಿದ್ದು ಕೇವಲ 17 ಪಂದ್ಯ. ತಂಡಗಳು ನೋಡುವುದು ಆ ವರ್ಷದ ಅಂಕಪಟ್ಟಿಯನ್ನಲ್ಲ, ಹತ್ತು ವರ್ಷದ ಮುಂದಿನ ಆಟವನ್ನು.

ಹೆಸರು ಹೇಳಿಸಿಕೊಂಡ ಮಾತ್ರಕ್ಕೆ ಆಟಗಾರನಿಗೆ ಕೆಲಸವೂ ಸಿಗುವುದಿಲ್ಲ, ಹಣವೂ ಬರುವುದಿಲ್ಲ. ಎನ್‌ಎಚ್‌ಎಲ್‌ನೊಳಗೆ ಅವನೊಂದಿಗೆ ಕರಾರು ಮಾಡಿಕೊಳ್ಳುವ ಹಕ್ಕು ಒಂದೇ ತಂಡದ ಪಾಲಾಗುತ್ತದೆ, ಅಷ್ಟೆ. ಡ್ರಾಫ್ಟ್ ಆದ ಹುಡುಗರಲ್ಲಿ ಹೆಚ್ಚಿನವರು ಆ ಬೇಸಿಗೆ ಕಳೆದ ಮೇಲೆ ಬಂದಲ್ಲಿಗೇ ಹಿಂತಿರುಗುತ್ತಾರೆ. ‘ಆಯ್ಕೆಯಾದವನು ಯಾಕೆ ಆಡುತ್ತಿಲ್ಲ?’ ಎಂದು ಇಲ್ಲಿನವರು ಕೇಳುವುದಕ್ಕೆ ಉತ್ತರ ಇದೇ.

ಭತ್ಯೆಯ ಆಟಗಾರ ವೃತ್ತಿಪರನಾದದ್ದು

ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳು, ಅಂದರೆ ಒಂಟಾರಿಯೊ, ಪಶ್ಚಿಮ ಮತ್ತು ಕ್ವಿಬೆಕ್ ಭಾಗದವು, ಸಿಎಚ್‌ಎಲ್ ಎಂಬ ಒಂದೇ ಚಾವಣಿಯ ಕೆಳಗಿವೆ. ಸಾಮಾನ್ಯವಾಗಿ 16ರಿಂದ 20 ವರ್ಷದವರು ಇಲ್ಲಿ ಆಡುತ್ತಾರೆ. ತಂಡಗಳಿಗೆ ಟಿಕೆಟ್ ಮಾರಾಟದ ಆದಾಯವಿದೆ, ಮಾಲೀಕರಿದ್ದಾರೆ, ಆಟಗಾರರ ವರ್ಗಾವಣೆಯಿದೆ. ಹುಡುಗರು ಮನೆ ಬಿಟ್ಟು ದೂರದ ಊರಿನಲ್ಲಿ ಯಾರದೋ ಕುಟುಂಬದ ಜೊತೆ ಉಳಿದುಕೊಳ್ಳುತ್ತಾರೆ, ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣಿಸಿ ಋತುವಿಗೆ 64ರಿಂದ 68 ಪಂದ್ಯ ಆಡುತ್ತಾರೆ. ಅವರಿಗೆ ಸಿಗುವುದು ಭತ್ಯೆ, ಜೊತೆಗೆ ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಉನ್ನತ ಶಿಕ್ಷಣದ ಶುಲ್ಕ ಕೊಡುವ ಭರವಸೆ.

ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಈ ಇಡೀ ಲೀಗನ್ನೇ ವೃತ್ತಿಪರ ಎಂದು ಪರಿಗಣಿಸಿತ್ತು. ಕಾರಣ, ಎನ್‌ಎಚ್‌ಎಲ್ ಕರಾರಿಗೆ ಸಹಿ ಹಾಕಿದ ಕೆಲವರೂ ಅಲ್ಲಿ ಆಡುತ್ತಾರೆ ಎಂಬುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ರಣಜಿ ತಂಡದಲ್ಲಿ ಯಾರೋ ಒಬ್ಬರಿಗೆ ಐಪಿಎಲ್ ಕರಾರಿದೆಯೆಂಬ ಕಾರಣಕ್ಕೆ ಅದೇ ತಂಡದ ಹನ್ನೆರಡನೆಯ ಆಟಗಾರನನ್ನೂ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಿಂದ ಹೊರಗಿಟ್ಟಂತೆ. ಅನಿಲ್ ಕುಂಬ್ಳೆ ಬೆಂಗಳೂರಿನ ಆರ್‌.ವಿ. ಕಾಲೇಜಿನಲ್ಲಿ, ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ಆಟಕ್ಕೂ ಪದವಿಗೂ ನಡುವೆ ಇಂಥ ಗೋಡೆ ಕಟ್ಟಬಹುದು ಎಂಬ ಕಲ್ಪನೆಯೇ ಈ ಊರಿಗೆ ವಿಚಿತ್ರವಾಗಿ ತೋರುತ್ತದೆ. ಅಲ್ಲಿ ಮಾತ್ರ ಆ ಗೋಡೆ ದಶಕಗಳ ಕಾಲ ನಿಂತಿತ್ತು. ಹದಿನಾರು ವರ್ಷದ ಹುಡುಗ ಸಿಎಚ್‌ಎಲ್‌ನಲ್ಲಿ ಒಂದು ಪಂದ್ಯ ಆಡಿದರೂ ಅಮೆರಿಕದ ಕಾಲೇಜಿನ ಆಸೆಯನ್ನು ಹೆಚ್ಚುಕಡಿಮೆ ಕೈಬಿಡಬೇಕಿತ್ತು.

ಗೋಡೆ ಒಳಗಿನಿಂದಲೇ ಪೊಳ್ಳಾಗುತ್ತಿತ್ತು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ, ವರ್ಚಸ್ಸಿನ ಬಳಕೆಗೆ ಹಣ ಪಡೆಯಬಹುದೆಂದು ಎನ್‌ಸಿಎಎ ಒಪ್ಪಿತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ವಿದ್ಯಾರ್ಥಿಗಳು ಲಕ್ಷಾಂತರ ಡಾಲರ್ ಗಳಿಸುತ್ತಿರುವಾಗ, ಭತ್ಯೆ ಪಡೆದ ಐಸ್ ಹಾಕಿ ಹುಡುಗನನ್ನು ಹಣದ ಕಾರಣಕ್ಕೆ ಹೊರಗಿಡುವ ವಾದಕ್ಕೆ ಬುಡವೇ ಉಳಿಯಲಿಲ್ಲ. 2024ರ ಆಗಸ್ಟಿನಲ್ಲಿ ಒಬ್ಬ ಆಟಗಾರನ ಪರವಾಗಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು. ನವೆಂಬರ್ 7ರಂದು ಎನ್‌ಸಿಎಎ ಮೊದಲ ವಿಭಾಗದ ಮಂಡಳಿ ನಿಯಮ ಬದಲಿಸಿತು. 2025ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಆ ಜೂನ್‌ನಲ್ಲೇ ಇನ್ನೊಂದು ಪ್ರಕರಣದ ರಾಜಿ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿದ್ದು, ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿಯೂ ಹಣ ಕೊಡಬಹುದೆಂದಾಯಿತು. ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೆ ಸೇರಿ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಮೆಕೆನ್ನಾ ತಮ್ಮ ನಿರ್ಧಾರ ಪ್ರಕಟಿಸಿದ್ದು ಅದಾದ ಮರುತಿಂಗಳು.

ಯಾರ ವಾದ ಏನು

ನಿಯಮ ಬದಲಾವಣೆಯನ್ನು ಬೆಂಬಲಿಸುವವರ ವಾದ ಸರಳ. ಹದಿನಾರರಲ್ಲಿ ಮಾಡಿದ ಆಯ್ಕೆ ಹದಿನೆಂಟರ ಬಾಗಿಲನ್ನು ಮುಚ್ಚಬಾರದು. ಜೂನಿಯರ್‌ನಲ್ಲಿ ತನ್ನ ವಯಸ್ಸಿನವರನ್ನು ಸುಲಭವಾಗಿ ಸೋಲಿಸುವ ಹುಡುಗನಿಗೆ ಕಾಲೇಜಿನಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಗಟ್ಟಿ ಮೈಕಟ್ಟಿನ ಎದುರಾಳಿಗಳು ಸಿಗುತ್ತಾರೆ. ಅಲ್ಲಿ ಪಂದ್ಯಗಳ ಸಂಖ್ಯೆ ಜೂನಿಯರ್‌ನ ಸುಮಾರು ಅರ್ಧ, ಅವೂ ಹೆಚ್ಚಾಗಿ ವಾರಾಂತ್ಯದಲ್ಲಿ. ಉಳಿದ ದಿನಗಳು ವ್ಯಾಯಾಮಕ್ಕೆ, ಅಭ್ಯಾಸಕ್ಕೆ, ತರಗತಿಗೆ.

ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಸಣ್ಣ ಊರಿನ ಜೂನಿಯರ್ ತಂಡವೊಂದು ಹುಡುಗನನ್ನು ಹದಿನೈದರಲ್ಲಿ ಗುರುತಿಸಿ, ಮೂರು ವರ್ಷ ತಿದ್ದಿ ತೀಡಿ, ಅವನ ಹೆಸರಿನ ಮೇಲೆ ಟಿಕೆಟ್ ಮಾರುವ ಕಾಲ ಬಂದಾಗ ಅವನು ಕಾಲೇಜಿಗೆ ಹೊರಟುಬಿಡುತ್ತಾನೆ. ಯುರೋಪಿನ ಫುಟ್‌ಬಾಲ್‌ನಲ್ಲಾದರೆ ಬೆಳೆಸಿದ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಬರುತ್ತದೆ. ಇಲ್ಲಿ ವಿಶ್ವವಿದ್ಯಾಲಯವು ಜೂನಿಯರ್ ತಂಡಕ್ಕೆ ಏನನ್ನೂ ಕೊಡಬೇಕಾಗಿಲ್ಲ.

ಹೆಚ್ಚು ಪೆಟ್ಟು ತಿನ್ನಬಹುದಾದದ್ದು ಮಾತ್ರ ಬೇರೊಂದು ವರ್ಗ. ಹಳೆಯ ನಿಯಮವಿದ್ದಾಗ ಕಾಲೇಜು ಕನಸಿನ ಹುಡುಗರು ಸಿಎಚ್‌ಎಲ್ ತಪ್ಪಿಸಿ ಅಮೆರಿಕದ ಯುಎಸ್‌ಎಚ್‌ಎಲ್, ಬ್ರಿಟಿಷ್ ಕೊಲಂಬಿಯಾದ ಬಿಸಿಎಚ್‌ಎಲ್‌ನಂಥ ಲೀಗ್‌ಗಳಿಗೆ ಹೋಗುತ್ತಿದ್ದರು. ಆ ಲೀಗ್‌ಗಳ ಬಲವೇ ಸಿಎಚ್‌ಎಲ್ ಮೇಲಿದ್ದ ನಿಷೇಧ. ನಿಷೇಧ ಹೋದ ಮೇಲೆ ಅವುಗಳ ಉತ್ತಮ ಆಟಗಾರರಿಗೆ ಅಲ್ಲೇ ಉಳಿಯಲು ಮೊದಲಿನಷ್ಟು ಕಾರಣವಿಲ್ಲ. ಮೇಲಾಗಿ ಕಾಲೇಜು ತಂಡಗಳಲ್ಲಿ ಸ್ಥಳ ಹೆಚ್ಚಿಲ್ಲ: ಹೊಸ ಹಣದ ವ್ಯವಸ್ಥೆಗೆ ಸೇರಿದ ವಿಶ್ವವಿದ್ಯಾಲಯಗಳಿಗೆ ಪುರುಷರ ಐಸ್ ಹಾಕಿ ತಂಡದ ಮಿತಿ 26 ಮಂದಿ. ಸಿಎಚ್‌ಎಲ್‌ನಿಂದ ಒಬ್ಬ ಬಂದರೆ, ಆ ಜಾಗಕ್ಕೆ ಎರಡು ವರ್ಷದಿಂದ ಕಾಯುತ್ತಿದ್ದ ಇನ್ನೊಬ್ಬ ಕೆಳ ವಿಭಾಗದ ಕಾಲೇಜಿಗೆ ಇಳಿಯುತ್ತಾನೆ ಅಥವಾ ಆಟ ಬಿಡುತ್ತಾನೆ. ಸುದ್ದಿಯಲ್ಲಿ ಆರು ಕೋಟಿಯ ವಿದ್ಯಾರ್ಥಿ ಕಾಣುತ್ತಾನೆ, ಇವನು ಕಾಣುವುದಿಲ್ಲ. ನಿಯಮ ನ್ಯಾಯವಾದದ್ದೇ ಆದರೂ ಅದರ ಲಾಭ ಮೇಲಿನ ಕೆಲವರಿಗೆ ಹಣವಾಗಿಯೂ ಅದರ ಭಾರ ನಡುವಿನ ಹಲವರಿಗೆ ಪೈಪೋಟಿಯಾಗಿಯೂ ಹಂಚಿಹೋಗುತ್ತಿದೆ ಎಂಬುದನ್ನು ಮರೆಮಾಚಬೇಕಿಲ್ಲ.

ಒಂಬತ್ತು ಪಂದ್ಯದ ಪರೀಕ್ಷೆ

ಈಗ ಶೇಫರ್ ಅವರ ಕಡೆಗೆ. ಹದಿನೆಂಟರಲ್ಲಿ ಸಹಿ ಹಾಕುವ ಪ್ರತಿ ಆಟಗಾರನ ಮೊದಲ ಕರಾರು ಮೂರು ವರ್ಷದ್ದು. ಅದಕ್ಕೆ ಮೇಲ್ಮಿತಿಯೂ ಇದೆ: 2025ರಲ್ಲಿ ಡ್ರಾಫ್ಟ್ ಆದವರಿಗೆ ವರ್ಷಕ್ಕೆ ಗರಿಷ್ಠ 9.75 ಲಕ್ಷ ಡಾಲರ್, ಸುಮಾರು ಎಂಟೂವರೆ ಕೋಟಿ ರೂಪಾಯಿ. ಸಾಧನೆಗೆ ತಕ್ಕ ಬೋನಸ್ ಪ್ರತ್ಯೇಕ. ಎಷ್ಟೇ ಪ್ರತಿಭಾವಂತನಾದರೂ ಮೂಲ ಸಂಬಳ ಈ ಗೆರೆ ದಾಟದು.

ತಂಡಗಳ ಮೇಲೂ ಮಿತಿಯಿದೆ. 2025–26ರಲ್ಲಿ ಒಂದು ತಂಡ ಆಟಗಾರರ ಸಂಬಳಕ್ಕೆ 9.55 ಕೋಟಿ ಡಾಲರಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಹೀಗಿರುವಾಗ ಮೇಲ್ಮಟ್ಟದ ಆಟವನ್ನು ಕಡಿಮೆ ಸಂಬಳಕ್ಕೆ ಕೊಡುವ ಎಳೆಯ ಆಟಗಾರನ ಮೂರು ವರ್ಷ ತಂಡದ ಪಾಲಿಗೆ ಬಲು ಬೆಲೆಬಾಳುವ ವಸ್ತು. ಅದನ್ನು ಅವನು ಇನ್ನೂ ಮಾಗದಿರುವಾಗ ಖರ್ಚು ಮಾಡಬೇಕೆ, ಮಾಗುವವರೆಗೆ ಎತ್ತಿಡಬೇಕೆ ಎಂಬುದೇ ತಂಡದ ಚಿಂತೆ.

ನಿಯಮ ಎತ್ತಿಡಲು ಅವಕಾಶ ಕೊಡುತ್ತದೆ. ಹದಿನೆಂಟು, ಹತ್ತೊಂಬತ್ತರ ಆಟಗಾರ ಆ ಋತುವಿನಲ್ಲಿ ಎನ್‌ಎಚ್‌ಎಲ್‌ನ ಹತ್ತು ಪಂದ್ಯ ಆಡದಿದ್ದರೆ ಅವನ ಕರಾರಿನ ಮೊದಲ ವರ್ಷ ಮುಂದಕ್ಕೆ ಜಾರುತ್ತದೆ. ಒಂಬತ್ತು ಪಂದ್ಯ ಆಡಿಸಿ, ಹತ್ತನೆಯದಕ್ಕೆ ಮುಂಚೆ ಹುಡುಗನನ್ನು ಜೂನಿಯರ್‌ಗೆ ಕಳಿಸುವ ಸುದ್ದಿ ಪ್ರತಿ ನವೆಂಬರಿನಲ್ಲೂ ಬರುವುದು ಇದೇ ಕಾರಣಕ್ಕೆ. ಆಟ ಕೆಟ್ಟಿತೆಂದು ಅಭಿಮಾನಿಗಳು ಬೇಸರಪಟ್ಟುಕೊಳ್ಳುತ್ತಾರೆ. ಅಸಲಿಗೆ ನಡೆದಿರುವುದು ಪಂಚಾಂಗ ನೋಡಿ ಮಾಡಿದ ಉಳಿತಾಯ. ಶೇಫರ್ ವಿಷಯದಲ್ಲಿ ಐಲ್ಯಾಂಡರ್ಸ್ ಆ ಗೆರೆಯನ್ನು ದಾಟಿ ಅವರನ್ನು ಉಳಿಸಿಕೊಂಡಿತು.

ಇಲ್ಲಿ ಆಟಗಾರನಿಗೂ ಒಂದು ಲೆಕ್ಕವಿದೆ. ಯಾವ ನಿರ್ಬಂಧವೂ ಇಲ್ಲದೆ ಬೇಕಾದ ತಂಡಕ್ಕೆ ಹೋಗಬೇಕಾದರೆ ಅವನಿಗೆ 27 ವರ್ಷ ತುಂಬಬೇಕು ಅಥವಾ ಏಳು ಋತುಗಳು ಪೂರ್ತಿಯಾಗಬೇಕು. ಹದಿನೆಂಟರಲ್ಲೇ ಎಣಿಕೆ ಶುರುವಾದವನು ಇಪ್ಪತ್ತೈದಕ್ಕೆ ಸ್ವತಂತ್ರ. ಎಣಿಕೆ ತಡವಾದಷ್ಟೂ ಅವನ ಉತ್ತಮ ವರ್ಷಗಳು ಡ್ರಾಫ್ಟ್ ಮಾಡಿದ ತಂಡದ ಬಳಿಯೇ ಕಳೆಯುತ್ತವೆ. ಕಾಲೇಜಿನ ಹೊಸ ದಾರಿಗೂ ಇದು ಅನ್ವಯ: ಎನ್‌ಎಚ್‌ಎಲ್ ಕರಾರಿಗೆ ಸಹಿ ಹಾಕಿದವನಿಗೆ ಈಗಲೂ ಕಾಲೇಜು ತಂಡ ನಿಷಿದ್ಧ. ಕಾಲೇಜು ಬೇಕೆನ್ನುವವನು ಸಹಿಯನ್ನು ಮುಂದೂಡುತ್ತಾನೆ, ಅವನನ್ನು ಬೆಳೆಸುವ ಖರ್ಚು ಎನ್‌ಎಚ್‌ಎಲ್ ತಂಡದ ಕೈಯಿಂದ ವಿಶ್ವವಿದ್ಯಾಲಯದ ಕೈಗೆ ದಾಟುತ್ತದೆ.

ವ್ಯಾಂಕೂವರ್‌ನಿಂದ ‘ತುಮಕೂರಿನಷ್ಟು’ ದೂರ

ಮೊದಲ ಆಯ್ಕೆಯ ಹುಡುಗರು ಅಪವಾದಗಳು. ಈ ವೃತ್ತಿಯ ಸಾಮಾನ್ಯ ಮುಖ ನೋಡಬೇಕಾದರೆ ಅರ್ಷದೀಪ್ ಬೈನ್ಸ್ ಅವರ ದಾರಿ ಹೆಚ್ಚು ಉಪಯುಕ್ತ. ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿ 2001ರಲ್ಲಿ ಹುಟ್ಟಿದ ಈ ಪಂಜಾಬಿ ಮೂಲದ ಆಟಗಾರನ ಹೆಸರನ್ನು ಯಾವ ಡ್ರಾಫ್ಟ್‌ನಲ್ಲೂ ಯಾರೂ ಹೇಳಲಿಲ್ಲ. ಇಪ್ಪತ್ತು ದಾಟಿದ ಮೇಲೂ ಅವರು ರೆಡ್ ಡಿಯರ್ ತಂಡದಲ್ಲಿ ಜೂನಿಯರ್ ಆಡುತ್ತಿದ್ದರು. 2021–22ರಲ್ಲಿ 112 ಅಂಕ ಗಳಿಸಿ ಪಶ್ಚಿಮದ ಲೀಗ್‌ನ ಅಗ್ರಸ್ಥಾನಕ್ಕೇರಿದ ಮೇಲೆ ವ್ಯಾಂಕೂವರ್ ಕನಕ್ಸ್ ಕರಾರು ಕೊಟ್ಟಿತು. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2024ರ ಫೆಬ್ರುವರಿಯಲ್ಲಿ.

ನಡುವಿನ ಎರಡು ವರ್ಷ, 2024–25ರಲ್ಲೂ ಬಹುಪಾಲು, ಅವರು ಆಡಿದ್ದು ಎಎಚ್‌ಎಲ್ ಎಂಬ ಎರಡನೆಯ ಸ್ತರದ ಲೀಗ್‌ನಲ್ಲಿ, ಅಬಟ್ಸ್‌ಫರ್ಡ್ ಎಂಬ ಊರಿನ ತಂಡಕ್ಕೆ. ವ್ಯಾಂಕೂವರ್‌ನಿಂದ ಅಬಟ್ಸ್‌ಫರ್ಡ್‌ಗೆ ಸುಮಾರು 70 ಕಿಲೋಮೀಟರ್, ಬೆಂಗಳೂರಿನಿಂದ ತುಮಕೂರಿನಷ್ಟು. ಆ ದೂರದಲ್ಲಿ ಸಂಬಳ ಹತ್ತರಲ್ಲೊಂದು ಪಾಲಿಗೆ ಇಳಿಯಬಹುದು. ಎಳೆಯರ ಕರಾರುಗಳು ಬಹುತೇಕ ದ್ವಿಮುಖ: ಮೇಲೆ ಇದ್ದ ದಿನಕ್ಕೆ ಒಂದು ದರ, ಕೆಳಗೆ ಇದ್ದ ದಿನಕ್ಕೆ ಇನ್ನೊಂದು. 2025–26ರ ಎನ್‌ಎಚ್‌ಎಲ್ ಕನಿಷ್ಠ ಸಂಬಳ 7.75 ಲಕ್ಷ ಡಾಲರನ್ನು ಋತುವಿನ ಸುಮಾರು 190 ದಿನಗಳಿಗೆ ಹಂಚಿದರೆ ದಿನಕ್ಕೆ ನಾಲ್ಕು ಸಾವಿರ ಡಾಲರ್. ಮೊದಲ ಕರಾರಿನಲ್ಲಿರುವವನಿಗೆ ಎಎಚ್‌ಎಲ್‌ನಲ್ಲಿ ಇಡೀ ವರ್ಷಕ್ಕೆ ಸಿಗುವುದೇ ಒಂದು ಲಕ್ಷ ಡಾಲರಿಗಿಂತ ಕಡಿಮೆ. ಅನುಭವಿಗಳನ್ನು ಕೆಳಗೆ ಕಳಿಸಬೇಕಾದರೆ ಮೊದಲು ಉಳಿದ ತಂಡಗಳ ಮುಂದಿಡಬೇಕು, ಬೇರೆಯವರು ಎತ್ತಿಕೊಂಡು ಹೋಗುವ ಅಪಾಯವಿದೆ. ಹೊಸಬರಿಗೆ ಕೆಲವು ವರ್ಷ ಆ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ತಂಡದಲ್ಲಿ ಒಬ್ಬರು ಹೆಚ್ಚಾದಾಗ ಚೆನ್ನಾಗಿ ಆಡುತ್ತಿದ್ದರೂ ಎಳೆಯವನೇ ಬಸ್ಸು ಹತ್ತುತ್ತಾನೆ.

2025ರ ಜೂನ್‌ನಲ್ಲಿ ಅಬಟ್ಸ್‌ಫರ್ಡ್ ತಂಡ ಎಎಚ್‌ಎಲ್‌ನ ಕ್ಯಾಲ್ಡರ್ ಕಪ್ ಗೆದ್ದಿತು. ತರಬೇತುದಾರರು ಮ್ಯಾನಿ ಮಲ್ಹೋತ್ರಾ, 1998ರಲ್ಲಿ ಏಳನೆಯ ಆಯ್ಕೆಯಾಗಿ ಬಂದು ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯ ಆಡಿದವರು. ಭಾರತೀಯ ಮೂಲದ ಇವರೆಲ್ಲ ಕೆನಡಾದ ಮಂಜಿನಲ್ಲೇ ಬೆಳೆದವರೆಂಬುದನ್ನೂ ಗಮನಿಸಬೇಕು. ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ, ಆಟದ ನೆಲೆ ಲಡಾಖ್. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಕಂಚು ಗೆದ್ದದ್ದು ಸಣ್ಣ ಸಾಧನೆಯಲ್ಲ. ಆದರೆ ಬೆಂಗಳೂರಿನ ಉದ್ಯಾನಗಳಲ್ಲಿ ಗಾಲಿಯ ಸ್ಕೇಟ್ ಕಟ್ಟಿಕೊಂಡು ಸುತ್ತು ಹೊಡೆಯುವ ಮಕ್ಕಳಿಂದ ಈ ಕರಾರುಗಳ ಲೋಕಕ್ಕೆ ಸದ್ಯಕ್ಕೆ ಏಣಿಯಿಲ್ಲ.

2026ರ ಸೆಪ್ಟೆಂಬರ್ ಬಳಿಕ

ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ನಡುವಿನ ಹೊಸ ಸಾಮೂಹಿಕ ಒಪ್ಪಂದ 2026ರ ಸೆಪ್ಟೆಂಬರ್ 16ರಿಂದ ಜಾರಿಗೆ ಬರಲಿದೆ. ಋತುವಿನ ಪಂದ್ಯಗಳು 82ರಿಂದ 84ಕ್ಕೆ ಏರುತ್ತವೆ, ಕನಿಷ್ಠ ಸಂಬಳ 8.5 ಲಕ್ಷ ಡಾಲರಿಗೆ ಏರಿ ಕೊನೆಯ ವರ್ಷಕ್ಕೆ ಹತ್ತು ಲಕ್ಷ ಮುಟ್ಟುತ್ತದೆ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರಿನ ಪಂದ್ಯವೊಂದರಲ್ಲಿ ಸ್ಕೇಟ್‌ನ ಅಲಗು ಕತ್ತಿಗೆ ತಗುಲಿ ಆ್ಯಡಂ ಜಾನ್ಸನ್ ಮೃತಪಟ್ಟ ಮೇಲೆ ಬಲಗೊಂಡ ಬೇಡಿಕೆಯಂತೆ, ಹೊಸದಾಗಿ ಲೀಗ್ ಪ್ರವೇಶಿಸುವವರಿಗೆ ಕತ್ತಿನ ರಕ್ಷಣಾ ಪಟ್ಟಿ ಕಡ್ಡಾಯವಾಗುತ್ತದೆ. ಹಳಬರಿಗೆ ಕಡ್ಡಾಯವಿಲ್ಲ. ಕತ್ತು ಎಲ್ಲರದ್ದೂ ಒಂದೇ ಆದರೂ ನಿಯಮ ಎಳೆಯರ ಮೇಲೆ ಮೊದಲು ಬೀಳುವುದು ಇಲ್ಲಿಯೂ ತಪ್ಪಿಲ್ಲ.

ಎಳೆಯರ ವೃತ್ತಿಗೆ ಹೆಚ್ಚು ಸಂಬಂಧಿಸಿದ್ದು ಇನ್ನೊಂದು ಅಂಶ. ಇದುವರೆಗೆ ಸಿಎಚ್‌ಎಲ್‌ನಿಂದ ಡ್ರಾಫ್ಟ್ ಆದ ಹುಡುಗ ಎನ್‌ಎಚ್‌ಎಲ್‌ನಲ್ಲಿ ಉಳಿಯದಿದ್ದರೆ, ಇಪ್ಪತ್ತು ತುಂಬುವವರೆಗೆ ಅವನನ್ನು ಎಎಚ್‌ಎಲ್‌ಗೆ ಕಳಿಸುವಂತಿರಲಿಲ್ಲ, ಜೂನಿಯರ್‌ಗೇ ಮರಳಿಸಬೇಕಿತ್ತು. ಹಾಗಾಗಿ ಕಿರಿಯರ ಜೊತೆ ಆಡಿದರೆ ಬೆಳೆಯದ, ಹಿರಿಯರ ಜೊತೆ ಆಡಲು ಇನ್ನೂ ಸಾಲದ ಹತ್ತೊಂಬತ್ತರ ಹುಡುಗರಿಗೆ ತಕ್ಕ ಜಾಗವೇ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ತಂಡಕ್ಕೊಬ್ಬ ಹತ್ತೊಂಬತ್ತರ ಆಟಗಾರನನ್ನು ಎಎಚ್‌ಎಲ್‌ನಲ್ಲಿ ಆಡಿಸುವ ದಾರಿ ತೆರೆಯಲಿದೆ. ತಂಡಕ್ಕೊಬ್ಬರೆಂದರೆ ಹೆಚ್ಚೆಂದರೆ 32 ಮಂದಿ. ಲೆಕ್ಕಕ್ಕೆ ಸಣ್ಣದಾದರೂ ಅವರು ಸಿಎಚ್‌ಎಲ್‌ನ ಉತ್ತಮ ಆಟಗಾರರ ಸಾಲಿನವರಾಗಿರುತ್ತಾರೆ.

ಸಿಎಚ್‌ಎಲ್‌ಗೆ ಇದರಿಂದ ಎರಡೂ ಕಡೆಯಿಂದ ಎಳೆತ. ಹದಿನೆಂಟರವರನ್ನು ಕಾಲೇಜು ಕರೆಯುತ್ತದೆ, ಹತ್ತೊಂಬತ್ತರವರನ್ನು ಎಎಚ್‌ಎಲ್ ಕರೆಯುತ್ತದೆ. ಇದಕ್ಕೆ ಪ್ರತಿಯಾಗಿ, ಮೊದಲು ಕಾಲೇಜಿನ ಆಸೆಗಾಗಿ ದೂರ ಉಳಿಯುತ್ತಿದ್ದ ಹದಿನಾರು ಹದಿನೇಳರ ಹುಡುಗರು ನಿರ್ಭಯವಾಗಿ ಇತ್ತ ಬರುತ್ತಾರೆ. ಲೀಗ್ ಎಳೆಯದಾಗುತ್ತಾ ಹೋಗಬಹುದು. ಕಾಲೇಜುಗಳಲ್ಲಿ ಸ್ಥಳದ ಬೆಲೆ ಏರುತ್ತದೆ. ಐಸ್ ಹಾಕಿಯ ಸಂಪ್ರದಾಯವಿದ್ದರೂ ಹಣವಿಲ್ಲದ ಸಣ್ಣ ಕಾಲೇಜುಗಳು ಪೆನ್ ಸ್ಟೇಟ್‌ನಂಥ ದೊಡ್ಡ ವಿಶ್ವವಿದ್ಯಾಲಯಗಳ ಎದುರು ಹೆಣಗಬೇಕಾಗುತ್ತದೆ. ಸಿಎಚ್‌ಎಲ್ ಮುಗಿಸಿ ಬರುವವರನ್ನೇ ನೆಚ್ಚಿದ್ದ ಕೆನಡಾದ ವಿಶ್ವವಿದ್ಯಾಲಯ ತಂಡಗಳಿಗೂ ಅದೇ ಪಾಡು.

ಜೂನಿಯರ್ ತಂಡವೊಂದು ಇಪ್ಪತ್ತು ವರ್ಷದ ಆಟಗಾರರನ್ನು ಮೂವರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೈನ್ಸ್ ತಮ್ಮ ತಂಡದಲ್ಲಿ ಅಂಥವರಲ್ಲೊಬ್ಬರಾಗಿದ್ದರು; ಆ ಕೊನೆಯ ವರ್ಷ ಮಿಂಚಿ ಕರಾರು ಪಡೆಯದೆ ಇದ್ದಿದ್ದರೆ ಅಮೆರಿಕದ ಕಾಲೇಜು ಅವರಿಗೆ ತೆರೆದಿರುತ್ತಿರಲಿಲ್ಲ. ಇಂದು ಅದೇ ವಯಸ್ಸಿನಲ್ಲಿ, ಯಾರೂ ಡ್ರಾಫ್ಟ್ ಮಾಡದೆ ಉಳಿದ ಹುಡುಗನಿಗೆ ಕಾಲೇಜಿನಲ್ಲಿ ಆಡುತ್ತಲೇ ಓದುವ, ಇಪ್ಪತ್ತಮೂರು ಇಪ್ಪತ್ತನಾಲ್ಕರವರೆಗೆ ಬೆಳೆಯುವ ಅವಕಾಶವಿದೆ, 26 ಜಾಗಗಳಲ್ಲಿ ಒಂದು ಅವನಿಗೆ ಸಿಕ್ಕರೆ.